ರೆಡ್‌ಬ್ರೆಸ್ಟ್ 12ಕ್ಕೆ ನನ್ನ ಲೆಕ್ಕದಲ್ಲಿ 84. ತಕರಾರಿದ್ದರೆ ಹೇಳಿ

ತಾಮ್ರದ ಹಂಡೆ · ಶನಿವಾರ ರಾತ್ರಿ 8:40

ಬಾಟಲಿ: ರೆಡ್‌ಬ್ರೆಸ್ಟ್ 12 ವರ್ಷ, ಐರಿಷ್ ವಿಸ್ಕಿ, ಸಿಂಗಲ್ ಪಾಟ್ ಸ್ಟಿಲ್, ಆಲ್ಕೋಹಾಲ್ ಶೇ. 40. ಐರ್ಲೆಂಡಿನ ಕಾರ್ಕ್ ಕೌಂಟಿಯ ಮಿಡಲ್ಟನ್‌ನದು. ಮಾಲ್ಟ್ ಮಾಡಿದ (ಮೊಳಕೆ ಬರಿಸಿ ಒಣಗಿಸಿದ) ಬಾರ್ಲಿ, ಮಾಡದ ಬಾರ್ಲಿ ಎರಡೂ ಸೇರಿಸಿ ತಾಮ್ರದ ಹಂಡೆಯಲ್ಲಿ ಬಟ್ಟಿ ಇಳಿಸಿದ್ದು. ಆಮೇಲೆ ಬರ್ಬನ್ (ಅಮೆರಿಕದ ವಿಸ್ಕಿ) ಪೀಪಾಯಿ ಮತ್ತು ಒಲೊರೊಸೊ ಶೆರಿ (ಸ್ಪೇನಿನ ವೈನ್) ಪೀಪಾಯಿ.

ಗ್ಲೆನ್‌ಕೇರ್ನ್ ಗ್ಲಾಸಿಗೆ 25 ಎಂಎಲ್, ಸುರಿದು 12 ನಿಮಿಷ ಮುಟ್ಟಿಲ್ಲ. ಮನೆಯಲ್ಲಿ ಒಗ್ಗರಣೆ ವಾಸನೆಯಾಗಲಿ ಊದುಬತ್ತಿಯಾಗಲಿ ಇಲ್ಲ. ವೈನ್ ಥರ ಗಿರಗಿರ ತಿರುಗಿಸಿಲ್ಲ. ತಿರುಗಿಸಿದರೆ ಮೊದಲು ಮೂಗಿಗೆ ನುಗ್ಗೋದು ಆಲ್ಕೋಹಾಲೇ, ಮಿಕ್ಕದ್ದೆಲ್ಲ ಅದರಡಿ ಮುಚ್ಚಿಹೋಗುತ್ತೆ. ಬಾಯಿ ಚೂರು ತೆರೆದಿಟ್ಟು ಮೂಸಬೇಕು.

ಪರಿಮಳ 22/25: ಒಣದ್ರಾಕ್ಷಿ, ಖರ್ಜೂರ, ಕಿತ್ತಳೆ ಸಿಪ್ಪೆ, ಹಿಂದುಗಡೆ ಅಗಸೆ ಎಣ್ಣೆ.
ರುಚಿ 21/25: ಮೊದಲ ಗುಟುಕು ಲೆಕ್ಕಕ್ಕಿಲ್ಲ, ಅದು ನಾಲಿಗೆ ಒಗ್ಗೋದಕ್ಕೆ. ಎರಡನೆಯದು 4 ಎಂಎಲ್‌ನಷ್ಟು, 10 ಸೆಕೆಂಡ್ ಬಾಯಲ್ಲಿ. ಜೇನು, ಶುಂಠಿ, ಲವಂಗ, ಹುರಿದ ಬಾದಾಮಿ.
ಕೊನೆಯ ಉಳಿಕೆ 20/25: ನುಂಗಿ ಅರ್ಧ ನಿಮಿಷಕ್ಕೆ ಹಣ್ಣು ಹೋಗಿ ಮರದ ಒಗರು ಮಾತ್ರ ಉಳೀತು.
ಹೊಂದಾಣಿಕೆ 21/25.

ಒಂದು ಹನಿ ನೀರು ಹಾಕಿದ ಮೇಲೆ ಶೆರಿ ಹಿಂದೆ ಸರಿದು ಬಾರ್ಲಿ ಮುಂದೆ ಬಂತು. ಮೂರು ಸಲ ಬಟ್ಟಿ ಇಳಿಸಿದ್ದಕ್ಕೇ ಈ ನಯ. 40ಕ್ಕೆ ಇಳಿಸದೆ 46ರಲ್ಲಿ ಬಿಟ್ಟಿದ್ದರೆ 88 ಕೊಡ್ತಿದ್ದೆ.

ಲೇಬಲ್ ಭಟ್ಟ · 8:58

"ಮೂರು ಸಲ ಬಟ್ಟಿ ಇಳಿಸಿದ್ದಕ್ಕೇ ಈ ನಯ." ಈ ಒಂದು ವಾಕ್ಯಕ್ಕೆ ನಿಮ್ಮ 84ರಲ್ಲೇ 4 ಕಳೆಯಬೇಕು ಸ್ವಾಮಿ. ಐರಿಷ್ ಅಂದರೆ ಮೂರು ಸಲ ಅನ್ನೋದು ಜಾಹೀರಾತಿನ ಮಾತು. 1980ರ ಐರಿಷ್ ವಿಸ್ಕಿ ಕಾಯ್ದೆ ಕೇಳುವುದು ಇಷ್ಟು: ಧಾನ್ಯದ ಗಂಜಿಯಿಂದ ಶೇ. 94.8ಕ್ಕಿಂತ ಕಡಿಮೆ ತೀವ್ರತೆಗೆ ಬಟ್ಟಿ ಇಳಿಸಿರಬೇಕು, ಆ ದ್ವೀಪದಲ್ಲೇ ಮರದ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಇಟ್ಟಿರಬೇಕು. ಎಷ್ಟು ಸಲ ಅನ್ನುವ ಮಾತೇ ಅಲ್ಲಿಲ್ಲ. ಕನಮಾರಾ ಎರಡೇ ಸಲ, ಮೇಲೆ ಪೀಟ್ (ಜೌಗು ನೆಲದ ಉರುವಲು ಮಣ್ಣು) ಹೊಗೆ ಬೇರೆ. ಅದೂ ಐರಿಷ್ಷೇ. ಸ್ಕಾಟ್ಲೆಂಡಿನ ಆಕೆಂಟೋಶನ್ ಮೂರು ಸಲ, ಅದು ಸ್ಕಾಚೇ.

ತಾಮ್ರದ ಹಂಡೆ · 9:05

ಭಟ್ಟರೇ, "ಈ ನಯ" ಅಂದಿದ್ದು ಈ ಬಾಟಲಿಯದು. ಎಲ್ಲ ಐರಿಷ್ ಮೂರು ಸಲ ಅಂತ ನಾನೆಲ್ಲಿ ಬರೆದೆ? ಎರಡು ಸಲದ ಮಾಲ್ಟ್ ಸ್ಪಿರಿಟ್ 70ರ ಆಸುಪಾಸಿಗೆ ನಿಲ್ಲುತ್ತೆ, ಮೂರು ಸಲದ್ದು 80 ದಾಟುತ್ತೆ. ಅಷ್ಟು ಮೇಲೆ ಹೋದಾಗ ಭಾರದ ಅಂಶ ಕಡಿಮೆ ಬರುತ್ತೆ. ಇದರಲ್ಲಿ ಜಾಹೀರಾತು ಎಲ್ಲಿದೆ?

ಅಗಸಿ ಚಟ್ನಿ · 9:17

ಭಾರದ ಅಂಶ ಕಡಿಮಿ ಅಂತೀರಿ, ಮ್ಯಾಲೆ ನೋಡಿದ್ರ "ಅಗಸೆ ಎಣ್ಣೆ" ಅಂತ ಬರದೀರಿ. ಎರಡರಾಗ ಒಂದು ಖರೆ ಇರಬೇಕಲ್ರೀ ಹಂಡೆಯವರ? ಅಗಸಿ ಎಣ್ಣಿ ವಾಸನಿ ಅಂದ್ರ ಹೊಸಾ ಕ್ರಿಕೆಟ್ ಬ್ಯಾಟಿಗೆ ಹಚ್ತಾರಲ್ಲ, ಅದು. ಜಿಡ್ಡು ಇದ್ದಲ್ಲೇ ಬರ್ತೈತಿ. ಅದು ಬಂದದ್ದು ಮೂರು ಸಲ ಇಳಿಸಿದ್ದಕ್ಕಲ್ಲ, ಮಾಲ್ಟ್ ಮಾಡದ ಬಾರ್ಲಿ ಹಾಕಿದ್ದಕ್ಕ. ಪಾಟ್ ಸ್ಟಿಲ್ ಗುರುತೇ ಅದು. ಅದನ್ನ ಒಂದು ಸಾಲಿನ ಬಾಲಕ್ಕ ಕಟ್ಟಿ, ಖರ್ಜೂರಕ್ಕ ಮುಂದಿನ ಖುರ್ಚಿ ಕೊಟ್ಟೀರಿ. ಖರ್ಜೂರ ಸ್ಪೇನಿನ ಪೀಪಾಯಿದು, ಐರ್ಲೆಂಡಿಂದಲ್ಲ.

ಎಣ್ಣಿ ಹೊಡಿಯೋರಿಗೆ ಎಣ್ಣಿ ಯಾವುದು ಅಂತ ತಿಳೀಲಿಲ್ಲಂದ್ರ ಹ್ಯಾಂಗ?

ಪಿಪೆಟ್ · 9:26

ಮಾಲ್ಟ್ ಮಾಡದ ಬಾರ್ಲಿಯಲ್ಲಿ ಬೀಟಾ ಗ್ಲುಕಾನ್ ಅನ್ನೋ ಅಂಟು ನಾರು ಜಾಸ್ತಿ, ಅದಕ್ಕೆ ಗಂಜಿ ದಪ್ಪ, ಸೋಸೋದು ನಿಧಾನ, ಇಲ್ಲಿವರೆಗೆ ಸರಿ. "ಅದಕ್ಕೇ ವಿಸ್ಕಿ ಜಿಡ್ಡು" ಅನ್ನೋದು ಈ ಚರ್ಚೆಗಳಲ್ಲಿ ತಿರುಗಾಡೋ ಕಥೆ. ಬೀಟಾ ಗ್ಲುಕಾನ್ ಆವಿಯಾಗಿ ಮೇಲೇರಲ್ಲ, ಹಂಡೆ ತಳದಲ್ಲೇ ಉಳಿಯುತ್ತೆ. ಬಾಯಲ್ಲಿ ಜಿಡ್ಡು ಅನ್ನಿಸೋದಕ್ಕೆ ಉದ್ದ ಸರಪಳಿಯ ಕೊಬ್ಬಿನಾಮ್ಲದ ಎಸ್ಟರ್‌ಗಳು ಕಾರಣ. ಅವು ಎಷ್ಟು ಬರುತ್ತವೆ ಅನ್ನೋದು ಸ್ಪಿರಿಟ್ ಹಿಡಿಯೋದನ್ನು ಎಲ್ಲಿಗೆ ನಿಲ್ಲಿಸಿದರು, ಕೊನೆಗೆ ಇಳಿಯೋ ಬಾಲವನ್ನು ಎಷ್ಟು ಬಿಟ್ಟುಕೊಂಡರು ಅನ್ನೋದರ ಮೇಲಿದೆ.

ಅಗಸಿ ಚಟ್ನಿ · 9:31

ಮೇಡಮ್ಮಾರ, ನಾ ಬೀಟಾ ಗ್ಲುಕಾನ್ ಅಂತ ಎಲ್ಲಿ ಅಂದೆ? ಬಾರ್ಲಿ ಅಂದೆ. ನೀವೇ ತಂದ್ರಿ, ನೀವೇ ಹೊಡದ್ರಿ.

ಲೇಬಲ್ ಭಟ್ಟ · 9:34

ಮಾಲ್ಟ್ ಮಾಡದ ಬಾರ್ಲಿ ರುಚಿಗೆಂದು ಬಂದದ್ದೂ ಅಲ್ಲ. 1785ರಲ್ಲಿ ಮಾಲ್ಟಿನ ಮೇಲೆ ತೆರಿಗೆ ಬಿತ್ತು, ತೆರಿಗೆ ಉಳಿಸಲು ಹಸಿ ಬಾರ್ಲಿ ಬೆರೆಸಿದರು. 2014ರ ನಿಯಮದಲ್ಲಿ ಎರಡೂ ತಲಾ ಶೇ. 30ಕ್ಕೆ ಕಡಿಮೆ ಇರುವಂತಿಲ್ಲ, ಓಟ್ಸ್, ರೈ, ಗೋಧಿ ಎಲ್ಲ ಸೇರಿ ಶೇ. 5 ದಾಟುವಂತಿಲ್ಲ. "ಸಂಪ್ರದಾಯ" ಎನ್ನುವವರು ಗಮನಿಸಿ: 19ನೇ ಶತಮಾನದ ಎಷ್ಟೋ ಮಿಶ್ರಣಗಳಲ್ಲಿ ಓಟ್ಸೇ 5ಕ್ಕಿಂತ ಹೆಚ್ಚಿರುತ್ತಿತ್ತು. ಆ ನಿಯಮದ ಪ್ರಕಾರ ಅವನ್ನು ಮಾಡಿದರೆ ಲೇಬಲ್ ಮೇಲೆ ಪಾಟ್ ಸ್ಟಿಲ್ ಎಂದು ಬರೆಯಲಿಕ್ಕಿಲ್ಲ.

ನೀಟ್ ನಾಗ · 9:50

ಬಾರ್ಲಿ, ತೆರಿಗೆ ಎಲ್ಲ ಪಕ್ಕಕ್ಕಿಡಿ. "ಒಂದು ಹನಿ ನೀರು ಹಾಕಿದ ಮೇಲೆ" ಅಂತ ಬರೆದಿದ್ದಾರಲ್ಲ, ಅದನ್ನ ಯಾರೂ ಕೇಳಲ್ವಾ? 40 ಪರ್ಸೆಂಟಿನ ಬಾಟಲಿಗೆ ನೀರು! 12 ವರ್ಷ ಪೀಪಾಯೀಲಿ ಮಲಗಿದ್ದನ್ನ ಎಬ್ಬಿಸಿ ಮುಖಕ್ಕೆ ನೀರು ಎರಚಿದ ಹಾಗೆ. ಕಾಸ್ಕ್ ಸ್ಟ್ರೆಂತ್‌ಗೆ (ಪೀಪಾಯಿಂದ ಬಂದ ತೀವ್ರತೆಯಲ್ಲೇ ತುಂಬಿದ್ದಕ್ಕೆ) ಹಾಕ್ಕೊಳ್ಳಿ, ಬೇಡ ಅನ್ನಲ್ಲ. 40ಕ್ಕೆ ಹಾಕಿ ಅಂಕ ಕೊಟ್ಟರೆ ನೀವು ಅಳೀತಿರೋದು ವಿಸ್ಕಿನಲ್ಲ, ನಿಮ್ಮ ನಲ್ಲಿನ.

ಕಡಲ ಗಾಳಿ · 9:58

ಎಂತ ನಾಗಣ್ಣ, "40ಕ್ಕೆ ನೀರು" ಅಂತ ಹೌಹಾರ್ತೀರಿ? ಆ ಬಾಟಲಿಯಲ್ಲಿ ನೀರು ಇಲ್ಲ ಅಂತ ಮಾಡಿದ್ದೀರಾ? ಪೀಪಾಯಿಯಿಂದ 58ರ ಹತ್ತಿರ ಬಂದದ್ದು ಅಂತ ಇಟ್ಕೊಳ್ಳಿ. ಅದನ್ನು 40ಕ್ಕೆ ಇಳಿಸಿದ್ದು ನೀರಿನಿಂದಲೇ ಅಲ್ವಾ ಮಾರಾಯ್ರೆ. ನಿಮ್ಮ 25 ಎಂಎಲ್‌ನಲ್ಲಿ ಪೀಪಾಯಿದ್ದು 17 ಎಂಎಲ್ ಚಿಲ್ಲರೆ, ಮತ್ತೆ ಉಳಿದ ಸುಮಾರು 8 ಎಂಎಲ್ ಅವರು ಹಾಕಿದ ನೀರು. ಅವರು 8 ಹಾಕಿದ್ರೆ ಕಲೆ, ನಾವು ಅರ್ಧ ಹಾಕಿದ್ರೆ ಪಾಪವಾ?

ಕಾರ್ಖಾನೆಗಳಲ್ಲಿ ಮೂಸಿ ನೋಡುವವರು ಇನ್ನೂ ಕೆಳಗೆ ಹೋಗ್ತಾರೆ, ಶೇ. 20ಕ್ಕೆ. ಅಂದ್ರೆ 40ರದ್ದಕ್ಕೆ ಸರಿಸಮ ನೀರು.

ನೀಟ್ ನಾಗ · 10:03

"ಶೇ. 20ಕ್ಕೆ." ಅದು ಮೂಸೋಕೆ, ಕುಡಿಯೋಕಲ್ಲ. ದಿನಕ್ಕೆ ನೂರಾರು ಸ್ಯಾಂಪಲ್ ನೋಡೋರು ಮೂಗು ಉಳಿಸ್ಕೊಳ್ಳೋಕೆ, ದೋಷ ಹುಡುಕೋಕೆ ಮಾಡೋ ಕೆಲಸ ಅದು. ಒದ್ದೆ ರಟ್ಟಿನ ವಾಸನೆ ಬಂದ್ರೆ ಬಿರಡೆ ಕೆಟ್ಟಿದೆ. ಸುಟ್ಟ ಬೆಂಕಿಕಡ್ಡಿ ಅಂದ್ರೆ ಶೆರಿ ಪೀಪಾಯಿಗೆ ಹಾಕಿದ ಗಂಧಕ. ಉಗುರುಬಣ್ಣ ತೆಗೆಯೋ ದ್ರಾವಣ ಅಂದ್ರೆ ಬಟ್ಟಿಯಲ್ಲಿ ಮೊದಲು ಇಳಿಯೋ ತಲೆಭಾಗ ಸರಿಯಾಗಿ ಕತ್ತರಿಸಿಲ್ಲ. ಇಂಥವು 20ರಲ್ಲಿ ಎದ್ದು ಕಾಣುತ್ವೆ, ಸರಿ. ಆದ್ರೆ ಅವರು ಆ 20ಕ್ಕೆ ಅಂಕ ಕೊಟ್ಟು ಬಾಟಲಿ ಮೇಲೆ ಅಂಟಿಸ್ತಾರಾ?

ಮತ್ತೆ ಕಾರ್ಖಾನೆ ನೀರಿಗೂ ನಿಮ್ಮ ನೀರಿಗೂ ಹೋಲಿಕೆ ಬೇಡ. ಅವರು ಖನಿಜ ತೆಗೆದ ನೀರು ಹಾಕ್ತಾರೆ, ಹಾಕಿ ಬೆರೆಯೋಕೆ ಬಿಡ್ತಾರೆ. ನೀವು ಚಮಚದಲ್ಲಿ ಸುರಿದು ಎರಡನೇ ನಿಮಿಷಕ್ಕೆ "ಬಾರ್ಲಿ ಮುಂದೆ ಬಂತು" ಅಂತೀರ.

ತಾಮ್ರದ ಹಂಡೆ · 10:08

ಚಮಚ ಅಲ್ಲ ನಾಗ, ಹನಿ. ಓದಿ ಬರೆಯಿರಿ. ವಿಜ್ಞಾನ ಬೇಕಿದ್ದರೆ 2017ರಲ್ಲಿ ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಇಬ್ಬರು ಇದನ್ನೇ ಲೆಕ್ಕ ಹಾಕಿ ಪ್ರಕಟಿಸಿದ್ದಾರೆ. ಗುವಯಕಾಲ್ ಅನ್ನೋ ಪರಿಮಳದ ಅಣು ನೀರು ಬೆರೆತಾಗ ಮೇಲ್ಮೈಗೆ ಬರುತ್ತೆ. ಮೇಲ್ಮೈಗೆ ಬಂದರೆ ಮೂಗಿಗೂ ಬರುತ್ತೆ. ಮುಗೀತು.

ನೀಟ್ ನಾಗ · 10:11

ಗುವಯಕಾಲ್ ಅಂದ್ರೆ ಹೊಗೆ ವಾಸನೆ ಗುರು! ರೆಡ್‌ಬ್ರೆಸ್ಟ್‌ನಲ್ಲಿ ಪೀಟ್ ಹೊಗೆ ಎಲ್ಲಿದೆ? ಹೊಗೆ ಲೆಕ್ಕ ತಂದು ಖರ್ಜೂರಕ್ಕೆ ಅಂಟಿಸೋದಾ?

ಪಿಪೆಟ್ · 10:20

ಇಬ್ಬರೂ ಅರ್ಧ ಓದಿದ್ದೀರಿ.

ಗುವಯಕಾಲ್ ಬರೀ ಪೀಟ್‌ನಿಂದ ಬರೋದಲ್ಲ. ಪೀಪಾಯಿ ಒಳಗೋಡೆ ಸುಡುವಾಗ ಮರದ ಲಿಗ್ನಿನ್ ಒಡೆದೂ ಬರುತ್ತೆ, ಕಡಿಮೆ ಪ್ರಮಾಣದಲ್ಲಿ. ಹಾಗಾಗಿ ನಾಗ ಅವರ "ಎಲ್ಲಿದೆ" ತಪ್ಪು.

ಹಂಡೆಯವರ "ಮುಗೀತು" ಇನ್ನೂ ತಪ್ಪು. ಅದು ನೀರು, ಎಥನಾಲ್, ಗುವಯಕಾಲ್ ಮೂರೇ ಇಟ್ಟುಕೊಂಡ ಕಂಪ್ಯೂಟರ್ ಲೆಕ್ಕ. ಒಂದು ಬಾಟಲಿಯನ್ನೂ ಯಾರೂ ಮೂಸಿಲ್ಲ. ಫಲಿತಾಂಶ ಏನೆಂದರೆ ಎಥನಾಲ್ ಶೇ. 45ರವರೆಗೆ ಇದ್ದಾಗ ಗುವಯಕಾಲ್ ಹೆಚ್ಚಾಗಿ ಮೇಲ್ಮೈಯಲ್ಲೇ ಇರುತ್ತೆ, 59 ದಾಟಿದರೆ ಎಥನಾಲ್ ಅದನ್ನು ಸುತ್ತುಗಟ್ಟಿ ಒಳಕ್ಕೆ ಎಳೆಯುತ್ತೆ. ನಿಮ್ಮ ಬಾಟಲಿ 40. ಅದು ಆಗಲೇ ಮೇಲಿದೆ. ಆ ಲೇಖನದ ತೀರ್ಮಾನವೇ ಬಾಟಲಿಗೆ ತುಂಬುವ ಮುಂಚೆ ಬೆರೆಸುವ ನೀರಿನ ಬಗ್ಗೆ. ಅದನ್ನು ಹಿಡಿದು 40ಕ್ಕೆ ನೀರು ಹಾಕಿ ಅಂತ ವಾದಿಸೋಕೆ ಬರಲ್ಲ.

ಇನ್ನು ನಿಮ್ಮ "ಒಂದು ಹನಿ". ಡ್ರಾಪರ್‌ನಿಂದ ಬಿದ್ದ ನೀರಿನ ಹನಿ ಸುಮಾರು 0.05 ಎಂಎಲ್. 25 ಎಂಎಲ್‌ಗೆ ಒಂದು ಹನಿ ಹಾಕಿದರೆ 40 ಇದ್ದದ್ದು 39.92 ಆಗುತ್ತೆ. ಅಷ್ಟಕ್ಕೆ ಶೆರಿ ಹಿಂದೆ ಸರಿದು ಬಾರ್ಲಿ ಮುಂದೆ ಬಂತಾ?

ನೀಟ್ ನಾಗ · 10:22

39.92!! ಇದನ್ನ ಫ್ರೇಮ್ ಹಾಕಿಸಿ ಗೋಡೆಗೆ ಹಾಕಿ. ಥ್ಯಾಂಕ್ಸ್ ಮೇಡಂ.

ತಾಮ್ರದ ಹಂಡೆ · 10:30

ನನ್ನ ಹನಿ ಡ್ರಾಪರ್ ಹನಿ ಅಲ್ಲ, ಸ್ಟ್ರಾದಿಂದ ಬಿಟ್ಟದ್ದು. ಅದು ದೊಡ್ಡದು.

ಪಿಪೆಟ್ · 10:33

ಎರಡು ಪಟ್ಟೇ ಇರಲಿ, 39.84. ನಾಲ್ಕು ಪಟ್ಟು ಇರಲಿ, 39.68. 38ಕ್ಕೆ ಇಳಿಸಬೇಕಾದರೂ 1.3 ಎಂಎಲ್ ಬೇಕು. ಡ್ರಾಪರ್ ಲೆಕ್ಕದಲ್ಲಿ 26 ಹನಿ.

ಕಡಲ ಗಾಳಿ · 10:41

"26 ಹನಿ." ನೋಡಿ, ಅದಕ್ಕೇ ನಾನು ಹೇಳೋದು ಹನಿ ಲೆಕ್ಕ ಬಿಡಿ, ಸರಿಯಾಗಿ ಹಾಕಿ ಅಂತ. ಮೆಡಿಕಲ್ ಅಂಗಡಿಯಲ್ಲಿ ಸೂಜಿ ಇಲ್ಲದ 5 ಎಂಎಲ್ ಸಿರಿಂಜ್ ಸಿಗ್ತದೆ. 25 ಎಂಎಲ್‌ಗೆ ಮೊದಲು 1.5 ಎಂಎಲ್, ಎರಡು ನಿಮಿಷ ಬಿಟ್ಟು ಮೂಸಿ. ಮತ್ತೆ 1, ಮತ್ತೆ ಬಿಡಿ. ಒಟ್ಟು 2.5 ಆದಾಗ 36ರ ಚೂರು ಮೇಲೆ ನಿಲ್ತದೆ. ಈ ಬಾಟಲಿಗೆ ಅಲ್ಲಿಗೆ ಸಾಕು. ಒಂದೇ ಸಲ ಚಮಚ ತುಂಬ, ಅಂದ್ರೆ 5 ಎಂಎಲ್ ಸುರಿದ್ರೆ 33ಕ್ಕೆ ಬೀಳ್ತದೆ, ಮತ್ತೆ ಹಿಂದೆ ತರ್ಲಿಕ್ಕೆ ಆಗುದಿಲ್ಲ. ಜೇನು ಹೋಗಿ ಮರದ ಕಷಾಯ ಆಗ್ತದೆ.

ನೀರು ಆರ್‌ಒ ಆದೀತು. ಬೋರ್ ನೀರು ಬೇಡ, ಅದರ ಸುಣ್ಣದ ರುಚಿ ಮೊದಲು ನಾಲಿಗೆಗೆ ಹತ್ತುದು. ಕಾರ್ಪೊರೇಷನ್ ನೀರಾದ್ರೆ ಕ್ಲೋರಿನ್ ಹೋಗುವಷ್ಟು ಕುದಿಸಿ ಆರಿಸಿ. ಫ್ರಿಜ್ಜಿನ ನೀರಂತೂ ಮುಟ್ಟಬೇಡಿ, ತಂಪಾದ್ರೆ ಪರಿಮಳ ಏಳುದೇ ಇಲ್ಲ.

ನೀಟ್ ನಾಗ · 10:44

"36ರ ಚೂರು ಮೇಲೆ." 40ಕ್ಕಿಂತ ಕಡಿಮೆ ಇದ್ದರೆ ಅದನ್ನ ಐರಿಷ್ ವಿಸ್ಕಿ ಅಂತ ಮಾರೋಕೇ ಬರಲ್ಲ. ಭಟ್ರೇ, ಹೌದೋ ಅಲ್ವೋ?

ಲೇಬಲ್ ಭಟ್ಟ · 10:52

ಮಾರಲು ಬರುವುದಿಲ್ಲ, ಕುಡಿಯಲು ಬರುತ್ತದೆ. ನಿಯಮ ಬಾಟಲಿಗೆ, ಗ್ಲಾಸಿಗಲ್ಲ.

ಅಂದ ಹಾಗೆ ಎಲ್ಲರೂ 25 ಎಂಎಲ್ ಎಂದು ಲೆಕ್ಕ ಹಾಕುತ್ತಿದ್ದೀರಿ. ಅದು ಯಾವ ಊರಿನ ಅಳತೆ? ಐರ್ಲೆಂಡಿನ ಪಬ್‌ನಲ್ಲಿ ಒಂದು ಅಳತೆ ಎಂದರೆ 35.5 ಎಂಎಲ್, ಹಳೆಯ ಕಾಲು ಗಿಲ್. 25 ಇಂಗ್ಲೆಂಡಿನದು. ನಮ್ಮಲ್ಲಿ 30, 60, ನೈಂಟಿ. ಐರಿಷ್ ಬಾಟಲಿಯನ್ನು ಇಂಗ್ಲಿಷ್ ಅಳತೆಯಲ್ಲಿ ಸುರಿದು ಕನ್ನಡದಲ್ಲಿ ಜಗಳ.

ಅಗಸಿ ಚಟ್ನಿ · 10:55

ಭಟ್ರು ಈಗ "ವಿಸ್ಕಿ"ಗೆ ಒಂದು ಇ ಹೆಚ್ಚಿಗಿ ಬರೀಬೇಕು ಅಂತಾರ ನೋಡ್ರಿ.

ಲೇಬಲ್ ಭಟ್ಟ · 11:01

ಬರೆಯಬೇಕೆಂದೇನೂ ಇಲ್ಲ. ಆ ಹೆಚ್ಚಿನ ಇಂಗ್ಲಿಷ್ ಇ (whisky ಬದಲು whiskey) ಡಬ್ಲಿನ್‌ನವರು ತಮ್ಮದು ಬೇರೆ ಎಂದು ತೋರಿಸಲು ಹಚ್ಚಿಕೊಂಡದ್ದು ಎನ್ನುತ್ತಾರೆ. 1878ರಲ್ಲಿ ಜೇಮ್ಸನ್, ಪವರ್, ರೋ ಎಂಬ ವಿಸ್ಕಿ ಮನೆತನಗಳು ಸೇರಿ ಕಾಫಿ ಸ್ಟಿಲ್ (ಈನಿಯಸ್ ಕಾಫಿಯ ಹೆಸರಿನ, ನಿರಂತರ ಬಟ್ಟಿ ಇಳಿಸುವ ಯಂತ್ರ) ಮಾಲಿನ ವಿರುದ್ಧ ಹೊರತಂದ ಪುಸ್ತಕದ ಹೆಸರಲ್ಲೇ ಆ ಇ ಇಲ್ಲ. ಕಾರ್ಕ್‌ನ ಪ್ಯಾಡಿ ವಿಸ್ಕಿ 20ನೇ ಶತಮಾನದಲ್ಲೂ ಬಹುಕಾಲ ಇ ಇಲ್ಲದೆಯೇ ಮಾರಾಟವಾಯಿತು. ಕನ್ನಡದಲ್ಲಿ ಬರೆದರೆ ತಕರಾರೇ ಇಲ್ಲ.

ಅಗಸಿ ಚಟ್ನಿ · 11:03

ಕೇಳಬಾರದಿತ್ತು.

ನೀಟ್ ನಾಗ · 11:10

ವಿಷಯಕ್ಕೆ ಬನ್ನಿ. ನೀರು ಹಾಕಿದ್ರೆ ಬದಲಾಗುತ್ತೆ ಅಂತ ಯಾರು ಬೇಕಾದ್ರೂ ಹೇಳಬಹುದು. ಗ್ಲಾಸಲ್ಲಿ 10 ನಿಮಿಷ ಹೆಚ್ಚು ಕೂತ್ರೂ ಬದಲಾಗುತ್ತೆ. ಹಂಡೆಯವರು ಮೊದಲು ನೀಟ್ (ನೀರು ಹಾಕದೆ) ಮೂಸಿ, ಕುಡಿದು, ಆಮೇಲೆ ಹನಿ ಹಾಕಿ ಮತ್ತೆ ಕುಡಿದ್ರು. ಅಷ್ಟರಲ್ಲಿ 20 ನಿಮಿಷ ಆಗಿರುತ್ತೆ, ನಾಲಿಗೆ ಮರಗಟ್ಟಿರುತ್ತೆ, ಆಲ್ಕೋಹಾಲ್ ಸ್ವಲ್ಪ ಹಾರಿರುತ್ತೆ. "ಬಾರ್ಲಿ ಮುಂದೆ ಬಂತು" ಅನ್ನೋದು ಗಾಳಿ ಕೆಲಸ. ಕ್ರೆಡಿಟ್ ಮಾತ್ರ ನೀರಿಗೆ.

ಕಡಲ ಗಾಳಿ · 11:14

"ಆಲ್ಕೋಹಾಲ್ ಹಾರಿರುತ್ತೆ." ಹಾರಿದ್ರೆ ಶೇಕಡಾ ಇಳಿಯಿತು ಅಂತಲೇ ಆಯ್ತಲ್ಲ! ಇಳಿದದ್ದರಿಂದ ಒಳ್ಳೆದಾಯ್ತು ಅಂತ ನೀವೇ ಒಪ್ಪಿದ ಹಾಗೆ ಆಯ್ತು ನಾಗಣ್ಣ.

ನೀಟ್ ನಾಗ · 11:15

ಒಪ್ಪಿಲ್ಲ. "ಬದಲಾಗುತ್ತೆ" ಅಂದೆ, "ಒಳ್ಳೇದಾಗುತ್ತೆ" ಅಂದಿಲ್ಲ. ಬಾಯಿಗೆ ಮಾತು ತುರುಕಬೇಡಿ. ಎರಡು ಗಂಟೆಯಿಂದ ನೋಡ್ತಿದೀನಿ, ನೀರು ಮಾರೋ ಟ್ಯಾಂಕರ್‌ನವರ ಥರ ಆಡ್ತಿದೀರಿ.

ಕಡಲ ಗಾಳಿ · 11:16

ಟ್ಯಾಂಕರ್ ಅಂತೆ. ಆಯ್ತು ಮಾರಾಯ್ರೆ.

ಪಿಪೆಟ್ · 11:29

ಬೈದಾಡೋ ಬದಲು ತ್ರಿಕೋನ ಪರೀಕ್ಷೆ ಮಾಡಿ, ಮನೆಯಲ್ಲೇ ಆಗುತ್ತೆ. ಒಂದೇ ಥರದ ಮೂರು ಗ್ಲಾಸ್, ತಳದಲ್ಲಿ ಗುರುತು. ಎರಡರಲ್ಲಿ ನೀಟ್, ಒಂದರಲ್ಲಿ ನೀರು ಹಾಕಿದ್ದು. ಪ್ರತಿ ಸುತ್ತಿಗೂ ಇದನ್ನು ಅದಲುಬದಲು ಮಾಡಿ, ಒಮ್ಮೆ ಎರಡರಲ್ಲಿ ನೀರು, ಒಂದರಲ್ಲಿ ನೀಟ್. ಎಲ್ಲಕ್ಕೂ ಒಟ್ಟು ಪ್ರಮಾಣ ಒಂದೇ ಇರಲಿ, ಇಲ್ಲದಿದ್ದರೆ ಕಣ್ಣಿಗೇ ಗೊತ್ತಾಗುತ್ತೆ. ಮೂರನ್ನೂ ಒಟ್ಟಿಗೆ ಸುರಿದು 10 ನಿಮಿಷ ಮುಚ್ಚಿಡಿ, ನಾಗ ಹೇಳೋ ಗಾಳಿ ತಕರಾರು ಅಲ್ಲಿಗೆ ಮುಗಿಯುತ್ತೆ. ಸುರಿಯೋರು ಬೇರೆ, ಮೂಸೋರು ಬೇರೆ. ಗ್ಲಾಸ್‌ಗೆ 10 ಎಂಎಲ್ ಸಾಕು. ನುಂಗಬೇಡಿ, ಉಗಿಯಿರಿ. ನಡುವೆ ಉಪ್ಪು ಖಾರ ಇಲ್ಲದ ಮಂಡಕ್ಕಿ, ನೀರು. ಖಾರ ಶೇಂಗಾ ತಿಂದರೆ ಆವತ್ತಿನ ಪರೀಕ್ಷೆ ಮುಗಿದಂತೆ.

ಬೇರೆಯದು ಯಾವುದು ಅಂತ ತೋರಿಸಬೇಕು. ಕಣ್ಣುಮುಚ್ಚಿ ಹೇಳಿದರೂ ಮೂರರಲ್ಲಿ ಒಂದು ಸಲ ಸರಿ ಬೀಳುತ್ತೆ. ಆರು ಸುತ್ತಿನಲ್ಲಿ 5 ಸರಿ ಬಂದರೆ ಮಾತ್ರ ನಂಬಿ. 4 ಸಾಲದು, ಬರೀ ಊಹೆಯಲ್ಲೇ 4 ಅಥವಾ ಮೇಲೆ ಬರೋ ಸಾಧ್ಯತೆ ಶೇ. 10ರಷ್ಟಿದೆ.

ಅಗಸಿ ಚಟ್ನಿ · 11:33

ಆರು ಸುತ್ತು, ಮೂರು ಗ್ಲಾಸು, ಹತ್ತು ಎಂಎಲ್. 180 ಎಂಎಲ್ ಆತ್ರಿ ಮೇಡಂ. ಇದು ಪರೀಕ್ಷಾ ಅಲ್ಲ, ಕ್ವಾರ್ಟರ್.

ಪಿಪೆಟ್ · 11:34

ಉಗಿಯಿರಿ ಅಂತ ಬರೆದಿದ್ದೇನೆ.

ಅಗಸಿ ಚಟ್ನಿ · 11:35

ಈ ರೇಟಿನ ಬಾಟ್ಲಿ ಉಗುಳೂದು ನಮ್ಮ ಕಡೆ ಪದ್ಧತಿ ಇಲ್ರಿ.

ತಾಮ್ರದ ಹಂಡೆ · 11:48

ತ್ರಿಕೋನ ಪರೀಕ್ಷೆ "ಬೇರೆಯೋ ಅಲ್ಲವೋ" ಹೇಳುತ್ತೆ, "ಯಾವುದು ಚೆನ್ನ" ಹೇಳಲ್ಲ. ನಾನು ಬರೆದದ್ದು ಎರಡನೆಯದು. ಪರೀಕ್ಷೆಯಲ್ಲಿ ಗೆದ್ದರೂ ನಾಗ ಅವರು "ಬದಲಾಗುತ್ತೆ ಅಂದೆ" ಅಂತಲೇ ಹೇಳ್ತಾರೆ, ನೋಡಿ.

ಲೇಬಲ್ ಭಟ್ಟ · ಭಾನುವಾರ ಬೆಳಿಗ್ಗೆ 7:20

ರಾತ್ರಿಯ "46ರಲ್ಲಿ ಬಿಟ್ಟಿದ್ದರೆ 88" ಎಂಬುದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಅದೇ ಮನೆಯ 15 ವರ್ಷದ್ದು 46ರಲ್ಲೇ ಬರುತ್ತದೆ, ಚಿಲ್ ಫಿಲ್ಟರ್ (ತಂಪು ಮಾಡಿ ಸೋಸುವುದು) ಇಲ್ಲದೆ. 12ರ ಕಾಸ್ಕ್ ಸ್ಟ್ರೆಂತ್ 2011ರಿಂದ ಇದೆ, ಬ್ಯಾಚ್‌ನಿಂದ ಬ್ಯಾಚ್‌ಗೆ ತೀವ್ರತೆ ಬೇರೆ. ಹಂಡೆಯವರಿಗೆ 46 ಬೇಕಿದ್ದರೆ ಕಾಸ್ಕ್ ಸ್ಟ್ರೆಂತ್ ತಂದು ತಾವೇ ಇಳಿಸಿಕೊಳ್ಳಬಹುದಲ್ಲ. 40ರದ್ದನ್ನು ಕೊಂಡು 40 ಎಂದು ದೂರುವುದು ಅಂಕ ಕೊಡುವ ರೀತಿಯಲ್ಲ.

ಕಡಲ ಗಾಳಿ · 7:42

"ತಾವೇ ಇಳಿಸಿಕೊಳ್ಳಬಹುದು." ಹಾಗೆ ಹೇಳಿ ಭಟ್ರೇ! ಲೆಕ್ಕ ಸುಲಭ ಉಂಟು: ಇರುವ ಶೇಕಡಾವನ್ನು ಬೇಕಾದ ಶೇಕಡಾದಿಂದ ಭಾಗಿಸಿ, ಎಂಎಲ್‌ನಿಂದ ಗುಣಿಸಿ, ಇರುವ ಎಂಎಲ್ ಕಳೆಯಿರಿ. 58ರದ್ದು 25 ಎಂಎಲ್ ಇದ್ರೆ 46ಕ್ಕೆ 6.5 ಎಂಎಲ್ ನೀರು, 40ಕ್ಕೆ 11 ಚಿಲ್ಲರೆ. ಹಾಕುವಾಗ ಗ್ಲಾಸು ಚೂರು ಬೆಚ್ಚಗಾಗ್ತದೆ, ಹೆದರಬೇಡಿ, ನೀರು ಆಲ್ಕೋಹಾಲ್ ಬೆರೆತರೆ ಶಾಖ ಬಿಡ್ತದೆ. ಅದು ಆರುವವರೆಗೆ ಮೂಗು ಇಡಬೇಡಿ, ಆಲ್ಕೋಹಾಲ್ ಏಳ್ತಾ ಇರ್ತದೆ. ಮಬ್ಬು ಕಟ್ಟಿದ್ರೂ ಹೆದರಬೇಡಿ.

ನೀಟ್ ನಾಗ · 8:15

"ಮಬ್ಬು ಕಟ್ಟಿದ್ರೂ ಹೆದರಬೇಡಿ." ನೀವೇ ನೀರು ಹಾಕಿ ಕೆಡಿಸಿ, ಕೆಟ್ಟಿದ್ದಕ್ಕೆ ಹೆದರಬೇಡಿ ಅಂತ ಬೇರೆ.

ಪಿಪೆಟ್ · 8:31

ಕೆಟ್ಟದ್ದಲ್ಲ. ಮೊದಲು ಹೇಳಿದ ಆ ಉದ್ದ ಸರಪಳಿಯ ಎಸ್ಟರ್‌ಗಳು 46ಕ್ಕಿಂತ ಕೆಳಗೆ, ತಂಪಿದ್ದಾಗ ಇನ್ನೂ ಬೇಗ, ಕರಗಿರಲಾರದೆ ಮಬ್ಬಾಗಿ ಕಾಣುತ್ತವೆ. ಚಿಲ್ ಫಿಲ್ಟರ್ ಮಾಡೋದು ಅವನ್ನು ತೆಗೆಯೋಕೇ, ಗಿರಾಕಿ ಹೆದರಬಾರದು ಅಂತ. ಗ್ಲಾಸಿನಲ್ಲಿ ಮಬ್ಬು ಬಂತು ಅಂದರೆ ಜಿಡ್ಡು ಇನ್ನೂ ಒಳಗಿದೆ ಅಂತ.

ಅಗಸಿ ಚಟ್ನಿ · 8:34

ಅಗಸಿ ಎಣ್ಣಿ!! ನಿನ್ನಿ ರಾತ್ರಿ 9 ಗಂಟೇಕ್ಕ ನಾ ಏನ್ ಅಂದಿದ್ದೆ? ಜಿಡ್ಡು ಅಂದೆ. ಈಗ ಎಲ್ಲಾರೂ ಸುತ್ತಿ ಸುತ್ತಿ ಅಲ್ಲೇ ಬಂದ್ರಿ.

ಪಿಪೆಟ್ · 8:37

ನೀವು ಬಾರ್ಲಿ ಅಂದಿರಿ. ನಾನು ಸ್ಪಿರಿಟ್ ಹಿಡಿಯೋದನ್ನು ಎಲ್ಲಿ ನಿಲ್ಲಿಸಿದರು ಅಂದೆ. ಎರಡೂ ಒಂದಲ್ಲ.

ಅಗಸಿ ಚಟ್ನಿ · 8:38

ಬಾರ್ಲಿ ಇಲ್ಲದ ಎಲ್ಲಿ ನಿಲ್ಲಸ್ತೀರಿ?

ತಾಮ್ರದ ಹಂಡೆ · 9:10

ಮೇಲಿನ ಬರಹದಲ್ಲಿ "ಒಂದು ಹನಿ" ಇದ್ದದ್ದನ್ನು "ಸ್ವಲ್ಪ ನೀರು" ಅಂತ ತಿದ್ದಿದ್ದೇನೆ. ಹನಿ ಅಂತ ಬರೆದದ್ದು ಮಾತಿನ ರೂಢಿಗೆ. ಊಟಕ್ಕೆ ಕರೆದು "ಒಂದು ತುತ್ತು ಉಂಡು ಹೋಗಿ" ಅಂದರೆ ಯಾರಾದರೂ ತುತ್ತು ಎಣಿಸ್ತಾರಾ? ಅಂಕ 84ರಲ್ಲೇ ಇರುತ್ತೆ.

ನೀಟ್ ನಾಗ · 9:14

"ತಿದ್ದಿದ್ದೇನೆ." ಸ್ಕ್ರೀನ್‌ಶಾಟ್ ಇದೆ.

ತಾಮ್ರದ ಹಂಡೆ · 9:15

ಇಟ್ಕೊಳ್ಳಿ.

ಲೇಬಲ್ ಭಟ್ಟ · 9:26

ತಿದ್ದುವುದಿದ್ದರೆ "ಮೂರು ಸಲ ಬಟ್ಟಿ ಇಳಿಸಿದ್ದಕ್ಕೇ" ಎಂಬಲ್ಲಿನ "ಏ"ಕಾರವನ್ನೂ ತೆಗೆಯಿರಿ. ಮತ್ತೆ ಬಣ್ಣಕ್ಕೆ ಅಂಕ ಕೊಡದೆ ಬಿಟ್ಟದ್ದು ಸರಿ, ಐರಿಷ್ ನಿಯಮದಲ್ಲಿ ಕ್ಯಾರಮೆಲ್ ಬಣ್ಣ ಹಾಕಲು ಅವಕಾಶವಿದೆ. ಇದೊಂದಕ್ಕೆ ನನ್ನ ಒಪ್ಪಿಗೆ.

ಕಡಲ ಗಾಳಿ · 9:40

ಭಟ್ರು ಒಪ್ಪಿದ್ರು, ಅದೂ ಯಾರೂ ಕೇಳದ್ದಕ್ಕೆ. ಹಂಡೆಯವರೇ, "ಸ್ವಲ್ಪ" ಅಂದ್ರೆ ಎಷ್ಟು ಎಂಎಲ್ ಅಂತ ಬರೀರಿ. 1.5 ಅಂತಾದ್ರೆ ಬಾರ್ಲಿ ಮುಂದೆ ಬಂದದ್ದು ನಾನು ನಂಬ್ತೇನೆ.

ತಾಮ್ರದ ಹಂಡೆ · 9:52

ಅಳೆದಿಲ್ಲ.

ನೀಟ್ ನಾಗ · 9:52

😂

ಪಿಪೆಟ್ · 9:58

ಸಿರಿಂಜ್ 5 ಎಂಎಲ್‌ದು ಬೇಡ, 2 ಎಂಎಲ್‌ದು ತಗೊಳ್ಳಿ, 0.1ರ ಗೆರೆ ಇರುತ್ತೆ. ಮೊದಲ ಸಲ ಬಿಸಿನೀರಲ್ಲಿ ತೊಳೆಯಿರಿ, ಹೊಸ ಸಿರಿಂಜಿನ ರಬ್ಬರ್ ವಾಸನೆ ನೇರ ಗ್ಲಾಸಿಗೆ ಇಳಿಯುತ್ತೆ.

ಅಗಸಿ ಚಟ್ನಿ · 10:05

ಮತ್ತ ಆ ವಾಸನಿಗೆ "ಹೊಸಾ ಚಪ್ಪಲಿ, 22/25" ಅಂತ ಬರೀತಾರ.